ಹೊತ್ತು ಮುಳುಗುವ ಮೊದಲು ಒಂದು ಪೇಲೆ ಹಾಲು

ಇಚಲಕರಂಜಿಗೆ ಬಂದ ಮೊದಲ ದಿನ ಅಲ್ಲಿಯ ಜನ ಬಾಯಿ ಆಡಿಸುತ್ತಿದ್ದರು, ಮಾತು ಮಾತ್ರ ಕೇಳುತ್ತಿರಲಿಲ್ಲ. ಯಂತ್ರದ ಮಗ್ಗಗಳ ಶೆಡ್ಡಿನೊಳಗೆ ಕಾಲಿಟ್ಟ ಕೂಡಲೇ ನೆಲವೇ ಅಂಗಾಲನ್ನು ಕುಟ್ಟತೊಡಗಿತು. ಎದುರಿಗೆ ನಿಂತವನು ಏನೋ ಕೇಳಿದ, ನಾನು ತಲೆ ಅಲ್ಲಾಡಿಸಿದೆ. ಆಮೇಲೆ ತಿಳಿಯಿತು, ಅವನು ಕೇಳಿದ್ದು ಊಟವಾಯಿತೇ ಎಂದು. ಹಾಗೆ ಮೊದಲ ದಿನವೇ ಊಟವಿಲ್ಲದೆ ಉಂಡೆನೆಂದು ಹೇಳಿದಂತಾಯಿತು. ಆಮೇಲೆ ಅದೇ ನನ್ನ ರೂಢಿಯಾಯಿತು.

ನನ್ನೂರು ಗಡಹಿಂಗ್ಲಜದ ಹತ್ತಿರ, ಹಿರಣ್ಯಕೇಶಿ ಹೊಳೆಯ ದಂಡೆಗೆ. ನಾನು ಓದಿದ್ದು ಕನ್ನಡ ನಾಲ್ಕನೇ ಇಯತ್ತೆ. ತಂದೆ ತಾಯಿ ಬೇಗ ಹೋದರು. ನನ್ನನ್ನೂ ತಂಗಿ ಪದ್ದವ್ವನನ್ನೂ ಬೆಳೆಸಿದವಳು ನಮ್ಮ ಸೋದರತ್ತೆ ಜಿನ್ನವ್ವ. ಊರು ಬಿಡುವಾಗ ಬಸದಿಯ ಕಟ್ಟೆಯ ಮೇಲೆ ಕೂತವರೆಲ್ಲ ಕೇಳುವಂತೆ ನಾನು ಹೇಳಿದ್ದೆ: ಕೊಲ್ಲಾಪುರಕ್ಕೆ ಹೋಗುತ್ತೇನೆ, ಬಟ್ಟೆಯ ಅಂಗಡಿಯಲ್ಲಿ ಗಾದಿಯ ಮೇಲೆ ಕೂಡುತ್ತೇನೆ. ಕೊಲ್ಲಾಪುರದ ಅಂಗಡಿಯವರಿಗೆ ನನ್ನ ಮರಾಠಿ ಸಾಲಲಿಲ್ಲ. ನಾಲ್ಕನೆಯ ದಿನವೇ ಇಚಲಕರಂಜಿಯ ಮಗ್ಗಕ್ಕೆ ಬಂದೆ. ಶೆಡ್ಡಿನ ಹಿಂದೆ ಒಂದು ಉದ್ದನೆಯ ಕೋಣೆ, ಹನ್ನೊಂದು ಜನ, ಹನ್ನೊಂದು ಕಂಬಳಿ. ಊಟಕ್ಕೆ ರೊಟ್ಟಿ, ಹಸಿ ಮೆಣಸಿನಕಾಯಿ ಕುಟ್ಟಿದ ಖರ್ಡಾ. ರೊಟ್ಟಿಗೆ ಇಲ್ಲಿ ಭಾಕರಿ ಎನ್ನುತ್ತಾರೆ. ನಮ್ಮಲ್ಲಿಯ ಹಾಗೆ ತೆಳ್ಳಗೆ ಬಡಿಯುವುದಿಲ್ಲ, ದಪ್ಪ. ಹೊಟ್ಟೆ ತುಂಬುತ್ತದೆ, ಊರಿನ ನೆನಪು ಹೋಗುವುದಿಲ್ಲ.

ಪಕ್ಕದ ಮಗ್ಗದವನು ಗಣಪತ, ಕೊಲ್ಲಾಪುರದವನು. ಸಂಜೆ ಹೊರಗೆ ಕೂತರೆ ಅವನ ಬಾಯಿಂದ ಅವನೂರು ಇಳಿಯುತ್ತಲೇ ಇತ್ತು: ರಂಕಾಳಾ ಕೆರೆಯ ದಂಡೆಯ ಭೇಳ, ಖಾಸಬಾಗಿನ ಕುಸ್ತಿ, ಪಂಚಗಂಗೆಯ ಘಾಟು. ಎಲ್ಲಕ್ಕಿಂತ ಹೆಚ್ಚಾಗಿ ಗಂಗಾವೇಸಿನ ಹಾಲಿನ ಕಟ್ಟೆ. ಅಲ್ಲಿಗೆ ಗೌಳಿಗಳು ಎಮ್ಮೆಗಳನ್ನೇ ಹೊಡೆದುಕೊಂಡು ಬರುತ್ತಾರಂತೆ. ನಿನ್ನ ಕಣ್ಣೆದುರಿಗೇ ನಿನ್ನ ಪೇಲೆಯಲ್ಲಿ (ಲೋಟಕ್ಕೆ ಇಲ್ಲಿಯವರ ಹೆಸರು) ಕರೆದು ಕೊಡುತ್ತಾರಂತೆ, ನೊರೆ ಮೀಸೆಗೆ ಹತ್ತುತ್ತದಂತೆ.

ಆ ಅಂತೆಗಳನ್ನೆಲ್ಲ ತೆಗೆದುಹಾಕಿ ನಾನು ಪದ್ದವ್ವನಿಗೆ ಕಾಗದ ಬರೆದೆ. ಭೇಳ ತಿಂದೆ, ಹಾಲು ಕುಡಿದೆ, ಘಾಟಿನ ಮೆಟ್ಟಿಲ ಮೇಲೆ ಕೂತು ತಂಪು ತಗೊಂಡೆ. ಕಾಗದವನ್ನು ಗಣಪತ ಸೂಟಿಯ ದಿನ ಊರಿಗೆ ಹೋದಾಗ ಅಲ್ಲಿಯ ಅಂಚೆಗೆ ಹಾಕುತ್ತಿದ್ದ, ಹೀಗಾಗಿ ಮುದ್ರೆಯೂ ಕೊಲ್ಲಾಪುರದ್ದೇ. ಅವಳ ಉತ್ತರವೂ ಗಣಪತನ ಮನೆಯ ವಿಳಾಸಕ್ಕೆ ಬರುತ್ತಿತ್ತು, ಅವನೇ ತಂದುಕೊಡುತ್ತಿದ್ದ. ಒಂದು ತೊಡಕಿತ್ತು. ಹಾಲಿನ ಕಟ್ಟೆ ದೀಪ ಹಚ್ಚುವ ಹೊತ್ತಿನದು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವುದಿಲ್ಲ. ಇದ್ದದ್ದು ಇದ್ದ ಹಾಗೆ ಬರೆದರೆ ಅತ್ತೆ, ಹುಡುಗ ಕೆಟ್ಟ ಎಂದು ಎದೆ ಬಡಿದುಕೊಳ್ಳುತ್ತಾಳೆ. ಅದಕ್ಕೆ ಬರೆದೆ: 'ಹೊತ್ತು ಮುಳುಗುವುದಕ್ಕೆ ಇನ್ನೂ ಎರಡು ಮಾರು ಇರುವಾಗಲೇ ಎಮ್ಮೆಗಳು ಬರುತ್ತವೆ. ದಿನಾಲೂ ಕುಡಿಯುತ್ತೇನೆ. ನಿನ್ನನ್ನೂ ಒಮ್ಮೆ ಕರೆದೊಯ್ದು ಕುಡಿಸುತ್ತೇನೆ.' ಕುಡಿಯದ ಹಾಲಿಗೆ ಧರ್ಮದ ಹೊತ್ತನ್ನೂ ಹೊಂದಿಸಿಬಿಟ್ಟೆ.

ಚಾತುರ್ಮಾಸದಲ್ಲಿ ನಮ್ಮ ಹೆಣ್ಣುಮಕ್ಕಳು ಒಂದೊಂದು ನೇಮ ಹಿಡಿಯುತ್ತಾರೆ. ಒಬ್ಬಳು ಬೆಲ್ಲ ಬಿಡುತ್ತಾಳೆ, ಒಬ್ಬಳು ತುಪ್ಪ ಬಿಡುತ್ತಾಳೆ. ಆ ವರ್ಷ ಪದ್ದವ್ವ ಬಸದಿಯಲ್ಲಿ ಪೂಜೆ ಮಾಡುವ ಉಪಾಧ್ಯೆಯವರ ಮುಂದೆ ಹಾಲು ಬಿಟ್ಟಳು. ಅಣ್ಣನ ಕೂಡ ಕೊಲ್ಲಾಪುರದ ಕಟ್ಟೆಯ ಮೇಲೆ ಕುಡಿಯುವ ತನಕ ಹಾಲು ಮುಟ್ಟುವುದಿಲ್ಲವೆಂದು. ನನಗೆ ಇದನ್ನು ನಕ್ಕೊಂಡೇ ಬರೆದಿದ್ದಳು: 'ಈಗರೆ ಕರಕೊಂಡ ಹೋಗ್ತೀಯೋ ಇಲ್ಲೋ ನೋಡ್ತೀನಿ.' ಮಳೆಗಾಲದ ಕೊನೆಗೆ ಅವಳಿಗೆ ಕೆಮ್ಮು ಹಿಡಿಯಿತು. ವೈದ್ಯರು ಹಾಲು ಕುಡಿಸಿರಿ ಎಂದರಂತೆ. ಅದನ್ನೂ ಬರೆದಿದ್ದಳು, ಕೊನೆಯ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿ.

ಸುಗ್ಗಿ ಮುಗಿದ ಮೇಲೆ ಊರಿನ ನಾಲ್ಕು ಮನೆಯವರು ಕುಂಭೋಜದ ಬಾಹುಬಲಿ ಗುಡ್ಡಕ್ಕೆ ಹೊರಟರು. ದಾರಿಯಲ್ಲಿ ಕೊಲ್ಲಾಪುರದ ಧರ್ಮಶಾಲೆಯಲ್ಲಿ ಒಂದೇ ರಾತ್ರಿಯ ವಸ್ತಿ. ಅತ್ತೆಯ ಜೊತೆ ಪದ್ದವ್ವನೂ ಬರುತ್ತಾಳೆಂದು ಕಾಗದ ಬಂತು. ನಾನು ಒಂದು ದಿನದ ಸೂಟಿ ತಗೊಂಡು, ಗಣಪತನ ಧೋತರ ಉಟ್ಟುಕೊಂಡು ಹೋದೆ.

ಧರ್ಮಶಾಲೆಯ ಬಾಗಿಲಲ್ಲೇ ಅತ್ತೆ ಹಿಡಿದಳು.

"ಏನೋ ಅಪ್ಪಾಸಾಬ, ದಿನಾ ಹಾಲ ಕುಡದ ಕುಡದ ಹಿಂಗ ಒಣಗೀಯೇನು? ನಮ್ಮ ಬಡಕಲ ಎಮ್ಮಿ ಕರಾನ ನಿನಗಿಂತ ಚಂದ ಕಾಣತೈತಿ."

"ಬಿಡ ಅತ್ತಿ, ಅಂಗಡ್ಯಾಗ ಕೆಲಸ ಭಾಳ ಇರತೈತಿ" ಎಂದಳು ಪದ್ದವ್ವ.

ಅವಳೇ ಇಳಿದುಹೋಗಿದ್ದಳು. ಕೊರಳ ಎಲುಬು ಸೀರೆಯ ಸೆರಗಿನ ಮೇಲೂ ಕಾಣುತ್ತಿತ್ತು. ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಏನೋ ಇತ್ತು. ಬಿಚ್ಚಿ ತೋರಿಸಿದಳು, ಮನೆಯ ಹಿತ್ತಾಳೆ ಪೇಲೆ. ಹುಣಸೆಹಣ್ಣು ಹಚ್ಚಿ ತಿಕ್ಕಿ ಥಳಥಳ ಮಾಡಿಕೊಂಡು ಬಂದಿದ್ದಳು.

ನಾವು ಮೂವರೂ ಹೊರಟೆವು. ಮಹಾಲಕ್ಷ್ಮಿ ಗುಡಿಯ ಹತ್ತಿರ ಬಂದಾಗ ನನಗೆ ಯಾವ ಕಡೆ ತಿರುಗಬೇಕೋ ಗೊತ್ತಾಗಲಿಲ್ಲ. ನಿಂತುಬಿಟ್ಟೆ.

"ಈ ಕಡೆ ಅಣ್ಣಾ. ಗುಡಿ ಬೆನ್ನಿಗೆ ಹಾಕಿ ಪಡುವಣಕ್ಕ ನಡದ್ರ ಕೆರಿ ಅಂತ ನೀನ ಬರದೀಯಲ್ಲೋ."

"ಹೌದಹೌದು. ನಿನಗ ನೆನಪ ಐತ್ಯೋ ಇಲ್ಲೋ ಅಂತ ನೋಡಿದೆ."

"ನಿನ್ನ ಕಾಗದ ಎಲ್ಲಾ ನನಗ ಬಾಯಿಪಾಠ."

ಆ ದಿನ ಕೊಲ್ಲಾಪುರವನ್ನು ನನಗೆ ತೋರಿಸಿದವಳು ಎಂದೂ ಕೊಲ್ಲಾಪುರ ಕಾಣದ ನನ್ನ ತಂಗಿ. ಅವಳು ಮುಂದೆ, ನಾನು ಹಿಂದೆ. ರಂಕಾಳಾದ ದಂಡೆಗೆ ಒಬ್ಬ ಮುದುಕ ಭೇಳ ಮಾರುತ್ತಿದ್ದ. ಭೇಳವೆಂದರೆ ನಮ್ಮ ಚುರಮರಿಗೆ ಹುಣಸೆ ನೀರು, ಖಾರ, ಉಳ್ಳಾಗಡ್ಡಿ ಕಲಸಿದ್ದು. ಅವನು ನನ್ನನ್ನು ಕಂಡ ಕೂಡಲೇ ನಾವು ಜೈನರು ತಿನ್ನದ ಉಳ್ಳಾಗಡ್ಡಿ ತೆಗೆದಿಡುತ್ತಾನೆಂದು ಬರೆದಿದ್ದೆ. ಮುದುಕ ನನ್ನ ಮುಖ ನೋಡಿ ಮರಾಠಿಯಲ್ಲಿ ಕೇಳಿದ, ಎಲ್ಲಿಯವರು, ಜಾತ್ರೆಗೆ ಬಂದಿರೇನು?

ಪದ್ದವ್ವ ಒಂದು ಗಳಿಗೆ ನನ್ನನ್ನು ನೋಡಿದಳು. "ಅಜ್ಜನ ಕಣ್ಣ ಮಂಜಾಗ್ಯಾವ, ಪಾಪ" ಎಂದಳು.

ಹೊತ್ತು ಇಳಿಯತೊಡಗಿತು. ಅವಳಿಗೆ ಅವಸರ. ಕೆಮ್ಮಿಗೆ ನಿಲ್ಲುತ್ತ, ಮತ್ತೆ ನಡೆಯುತ್ತ ಗಂಗಾವೇಸಿಗೆ ಬಂದೆವು. ಕಟ್ಟೆ ಇತ್ತು, ಎಮ್ಮೆ ಒಂದೂ ಇರಲಿಲ್ಲ. ಅಲ್ಲಲ್ಲಿ ಸಗಣಿಯ ಗುರುತು, ಹುಲ್ಲಿನ ಎಳೆ. ಪದ್ದವ್ವ ಪೇಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

"ಎಮ್ಮಿಗೋಳೂ ಕೊಲ್ಲಾಪುರದಾವ ಆಗ್ಯಾವ ತಡಿ, ಸಿಂಗಾರ ಮಾಡಕೊಂಡ ಬರಬೇಕಲಾ" ಎಂದಳು ಅತ್ತೆ. ನಾವು ನಕ್ಕೆವು. ಮಾಡುಗಳ ಮೇಲಿನ ಬಿಸಿಲು ಕೆಂಪಾಯಿತು. ಅತ್ತೆ ಎದುರಿನ ಗಲ್ಲಿಯ ಬಾಯಿಗೆ ಹೋಗಿ ಇಣುಕತೊಡಗಿದಳು.

ಪಕ್ಕದಲ್ಲಿ ಹುಲ್ಲಿನ ಪೆಂಡಿ ಮಾರುತ್ತಿದ್ದವನನ್ನು ಪದ್ದವ್ವನೇ ಕೇಳಿದಳು. ಗಡಹಿಂಗ್ಲಜದ ಸಂತೆಯ ಮರಾಠಿ ಅವಳಿಗೆ ಬರುತ್ತಿತ್ತು. ಅವನು ತಲೆ ಎತ್ತದೆ ಹೇಳಿದ: "ಮ್ಹಶೀ? ದಿವೇಲಾಗಣೀಲಾ ಯೇತಾತ ಕೀ. ರೋಜಚ."

ಎಮ್ಮೆಗಳೇ? ದೀಪ ಹಚ್ಚುವ ಹೊತ್ತಿಗೆ ಬರುತ್ತವೆ. ದಿನಾಲೂ.

ಅವಳು ನನ್ನತ್ತ ತಿರುಗಿದಳು. ಸಿಟ್ಟಿನಿಂದಲ್ಲ. ಚಿಕ್ಕವಳಿದ್ದಾಗ ಪಾಟಿಯ ಮೇಲೆ ನಾನು ಅಕ್ಷರ ತಪ್ಪಿಸಿ ಬರೆದರೆ ಹೀಗೇ ನೋಡುತ್ತಿದ್ದಳು, ನಾನೇ ಒರೆಸಿ ತಿದ್ದಲಿ ಎಂದು. ನಾನು ಆಗ ಹೇಳಬೇಕಾಗಿತ್ತು. ಪದ್ದೀ, ನಾನು ಅಂಗಡಿಯಲ್ಲಿಲ್ಲ, ಈ ಊರಲ್ಲಿಲ್ಲ, ಈ ಹಾಲು ನಾನು ಕುಡಿದೇ ಇಲ್ಲ ಎಂದು ನಾಲ್ಕು ಮಾತು. ನಾನು ಹೇಳಿದ್ದು:

"ಇಂದ ಯಾಕೋ ತಡಾ ಆಗೇತಿ."

ಅಷ್ಟರಲ್ಲಿ ಅತ್ತೆ ತಿರುಗಿ ಬಂದಳು. "ಏನಂತಾನ ಅಂವ? ಬರತಾವೋ ಇಲ್ಲೋ?"

"ಇವತ್ತ ತಡಾ ಆಗೇತಂತ ಅತ್ತಿ" ಎಂದಳು ಪದ್ದವ್ವ, ನನ್ನ ಮಾತನ್ನೇ ಎತ್ತಿಕೊಂಡು.

ಹೊತ್ತು ಮುಳುಗಿತು. ಅಂಗಡಿಗಳಲ್ಲಿ ದೀಪ ಹತ್ತಿದವು, ಅದರ ಬೆನ್ನಿಗೇ ಕೊರಳಗಂಟೆಯ ಸದ್ದು. ಎಮ್ಮೆಗಳು ಒಂದರ ಹಿಂದೆ ಒಂದು ಬಂದು ತಮ್ಮ ತಮ್ಮ ಜಾಗದಲ್ಲಿ ನಿಂತವು. ಜನ ಸೇರಿದರು. ಪೈಲವಾನರು, ಪೇಟದವರು, ಶಾಲೆಯ ಮಾಸ್ತರರು. ಹಾಲು ಪೇಲೆಗೆ ಬೀಳುವ ಸದ್ದು ನಮಗೆ ಕೇಳುತ್ತಿತ್ತು. ಗಣಪತ ಸುಳ್ಳು ಹೇಳಿರಲಿಲ್ಲ, ನೊರೆ ಮೀಸೆಗೆ ಹತ್ತುತ್ತಿತ್ತು. ಪದ್ದವ್ವ ಕಣ್ಣು ತುಂಬ ನೋಡಿದಳು. ಆಮೇಲೆ ಪೇಲೆಯನ್ನು ಬಟ್ಟೆಯಲ್ಲಿ ಸುತ್ತಿದಳು.

"ಮುಂದಿನ ಸಲ ಅಣ್ಣಾ. ನೀ ಕರದ ಕೂಡ್ಲೆ ಬರತೀನಿ."

ಬೆಳಿಗ್ಗೆ ನನ್ನ ಪಾಳಿ ಇತ್ತು. ಅವರನ್ನು ಧರ್ಮಶಾಲೆಗೆ ಮುಟ್ಟಿಸಿ ಇಚಲಕರಂಜಿಯ ಮೋಟಾರು ಹತ್ತಿದೆ. ಅವರು ನಸುಕಿನಲ್ಲೇ ಗುಡ್ಡಕ್ಕೆ ಹೊರಟರಂತೆ.

ಆಮೇಲೆ ನಾನು ಅವಳಿಗೆ ಕಾಗದ ಬರೆಯಲಿಲ್ಲ. ಬರೆಯಲು ಕೂತರೆ ನಿಜ ಬರೆಯಬೇಕು, ಇಲ್ಲವೇ ಸುಳ್ಳು ಬರೆಯಬೇಕು, ಎರಡೂ ಆಗುತ್ತಿರಲಿಲ್ಲ. ಅವಳಿಂದ ಮೂರು ಕಾಗದ ಬಂದವು. ಮೂರರಲ್ಲೂ ಕಟ್ಟೆಯ ಸುದ್ದಿ ಇರಲಿಲ್ಲ, 'ಯಾವಾಗ ಕರೀತಿ' ಎಂದಷ್ಟೇ ಇತ್ತು. ನಾಲ್ಕನೆಯದು ಅತ್ತೆ ಯಾರಿಂದಲೋ ಬರೆಸಿದ್ದು, ಪದ್ದವ್ವ ಹಾಸಿಗೆ ಹಿಡಿದಿದ್ದಾಳೆ, ಬೇಗ ಬಾ ಎಂದು. ನಾನು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವಳನ್ನು ಸುಟ್ಟ ಹೊಳೆಯ ದಂಡೆಯಿಂದ ತಿರುಗಿ ಬಂದು ಕೂತಾಗ ಅತ್ತೆ ಹೇಳಿದಳು:

"ಹಾಲ ಕುಡಿಯವಾ ಅಂತ ಕಾಲ ಹಿಡದೆ. ಉಪಾಧ್ಯೇರ ಮನೀಗೆ ಬಂದ್ರು. ನೇಮ ಬಿಡಸಾಕ ದಾರಿ ಐತಿ, ಏನರೆ ಕಾರಣ ಇದ್ರ ಹೇಳವಾ, ಪ್ರಾಯಶ್ಚಿತ್ತ ಕೊಟ್ಟ ಬಿಡಸ್ತೀನಿ ಅಂದ್ರು. ಬಾಯಿ ಬಿಡಲಿಲ್ಲ ನೋಡು. ಅಣ್ಣ ಕರೀತಾನ, ಹೋಗಿ ಕುಡೀತೀನಿ ಅಂದ್ಲು. ಅಷ್ಟ ಹಟಾ ಯಾಕ ಹಿಡದ್ಲೋ ಏನೋ."

ಯಾಕೆಂದು ನನಗೆ ಗೊತ್ತಿತ್ತು. ಕಾರಣ ಹೇಳಬೇಕೆಂದರೆ, ಅಣ್ಣ ಬರೆದದ್ದೆಲ್ಲ ಸುಳ್ಳೆಂದು ಉಪಾಧ್ಯೆಯವರ ಮುಂದೆ ಹೇಳಬೇಕಾಗಿತ್ತು. ಹಾಲು ಕುಡಿದಿದ್ದರೆ ಬದುಕುತ್ತಿದ್ದಳೆಂದು ಯಾವ ವೈದ್ಯರೂ ನನಗೆ ಹೇಳಿಲ್ಲ. ಕುಡಿಯುತ್ತಿದ್ದಳು, ಅಷ್ಟೇ ನಾನು ಬಲ್ಲೆ. ಆ ದಿನ ಅತ್ತೆಗೂ ಹೇಳಲಿಲ್ಲ. ಈ ಬರಹವನ್ನು ಊರಲ್ಲಿ ಯಾರಾದರೂ ಅವಳಿಗೆ ಓದಿ ಹೇಳಿರಿ, ಬಸದಿಯ ಕಟ್ಟೆಯ ಮೇಲೆಯೇ ಓದಿರಿ.

ಅದೇ ವರ್ಷ ಮಗ್ಗ ಬಿಟ್ಟು ಕೊಲ್ಲಾಪುರಕ್ಕೆ ಬಂದೆ. ಈಗ ಬೆಲ್ಲದ ಪೇಟೆಯಲ್ಲಿ ರವೆ ತೂಗುತ್ತೇನೆ. ರವೆಯೆಂದರೆ ಇಲ್ಲಿ ಬೆಲ್ಲದ ದೊಡ್ಡ ಅಚ್ಚು. ಬಂದವನೇ ನನ್ನ ಕಾಗದದ ಒಂದೊಂದೇ ಜಾಗಕ್ಕೆ ಹೋಗಿ, ಬರೆದದ್ದನ್ನೆಲ್ಲ ತಿಂದು ಬಂದೆ. ಲಡಾಯಿಯ ಕಾಲ, ಸಕ್ಕರೆ ಸಿಗುವುದಿಲ್ಲ, ಸೀಮೆಎಣ್ಣೆಗೆ ಸಾಲು. ಆದರೂ ನಮ್ಮ ಕಡೆಯಿಂದ ಬರುವವರು ಕೇಳುತ್ತಾರೆ, ಕೊಲ್ಲಾಪುರದಲ್ಲಿ ಏನು ನೋಡಬೇಕು, ಏನು ತಿನ್ನಬೇಕು? ಈಗ ಹೇಳಬಲ್ಲೆ.

ರಂಕಾಳಾದ ಭೇಳ ಒಳ್ಳೆಯದೇ, ಆದರೆ ಗಾಳಿ ಬೀಸುವ ದಿನ ಹೋಗಬೇಡಿ, ಚುರಮರಿ ಮೆತ್ತಗಾಗುತ್ತದೆ. ಆ ಮುದುಕ ಈಗ ನನ್ನನ್ನು ಗುರುತಿಸುತ್ತಾನೆ, ಕೇಳದೆಯೇ ಉಳ್ಳಾಗಡ್ಡಿ ತೆಗೆದಿಡುತ್ತಾನೆ. ಮೊದಲ ಸಲ ಹಾಗೆ ಮಾಡಿದ ದಿನ ನನಗೆ ತಿನ್ನಲಾಗಲಿಲ್ಲ. ಮಿಸಳ ಎಂಬ ಮೊಳಕೆಕಾಳಿನ ಖಾರವನ್ನು ಪೇಟೆಯ ಹಿಂದಿನ ಓಣಿಯಲ್ಲಿ ಒಬ್ಬ ಹೆಂಗಸು ಮಾಡಿಕೊಡುತ್ತಾಳೆ. ಅದರ ಮೇಲಿನ ಕೆಂಪು ಸಾರಿಗೆ ಕಟ ಎನ್ನುತ್ತಾರೆ. ಎರಡನೆಯ ಸಲ ಕೇಳಿದರೆ ಬೈದು ಹಾಕುತ್ತಾಳೆ, ಆದರೆ ಹಾಕುತ್ತಾಳೆ. ನಮ್ಮ ಶೇಂಗಾ ಹಿಂಡಿ, ಗಟ್ಟಿ ಮೊಸರಿನ ಮುಂದೆ ಅದು ನಿಲ್ಲುತ್ತದೆಯೇ ಎಂದು ಕೇಳಬೇಡಿ. ಇಲ್ಲಿದ್ದಾಗ ನಿಲ್ಲುವುದಿಲ್ಲ ಎನ್ನುತ್ತೇನೆ, ಊರಿಗೆ ಹೋದಾಗ ನಾಲಿಗೆ ಅದನ್ನೇ ಬೇಡುತ್ತದೆ. ಕುಸ್ತಿ ನೋಡುವುದಿದ್ದರೆ ಮೇಲಿನ ಸಾಲಿನಲ್ಲಿ ಕೂಡಿರಿ. ಘಾಟಿಗೆ ಮಧ್ಯಾಹ್ನ ಹೋಗಿರಿ, ಮೆಟ್ಟಿಲು ನೆರಳಲ್ಲಿರುತ್ತವೆ, ಯಾರೂ ಮಾತಾಡಿಸುವುದಿಲ್ಲ.

ಇಲ್ಲಿಯವರು ನನ್ನನ್ನು ಕಾನಡಿ ಅಪ್ಪಾ ಎನ್ನುತ್ತಾರೆ. ಊರಿಗೆ ಹೋದರೆ ಕೊಲ್ಲಾಪುರದವ ಬಂದ ಎನ್ನುತ್ತಾರೆ. ಆ ಹೆಸರಿಗಾಗಿಯೇ ಒಂದು ಕಾಲಕ್ಕೆ ಅಷ್ಟು ಸುಳ್ಳು ಬರೆದೆ. ಈಗ ಯಾರಾದರೂ ಹಾಗೆ ಕರೆದರೆ ಓಣಿಯಲ್ಲಿ ತಲೆ ತಗ್ಗಿಸಿ ನಡೆಯುತ್ತೇನೆ.

ಇನ್ನು ಹಾಲಿನ ಕಟ್ಟೆ. ಇಲ್ಲಿಗೆ ಬಂದು ಎರಡನೆಯ ವಾರಕ್ಕೆ ನನಗೆ ತಿಳಿದದ್ದು ಇದು: ಎಮ್ಮೆಗಳು ಬೆಳಿಗ್ಗೆಯೂ ಬರುತ್ತವೆ. ಹೊತ್ತು ಚೆನ್ನಾಗಿ ಏರುವ ತನಕ ಇರುತ್ತವೆ. ನಮ್ಮವರಿಗೆ ಯಾವ ಅಡ್ಡಿಯೂ ಇಲ್ಲ. 'ಪದ್ದೀ, ಬೆಳಿಗ್ಗೆ ಬಾ' ಎಂದು ಒಂದು ಸಾಲು ಬರೆದಿದ್ದರೆ ಸಾಕಾಗಿತ್ತು. ಅದಕ್ಕೆ ಮೊದಲು ಕಟ್ಟೆಯ ಹತ್ತಿರ ಒಬ್ಬನನ್ನು ಕೇಳಬೇಕಾಗಿತ್ತು. ದಿನಾಲೂ ಕುಡಿಯುವವನು ಹಾಗೆ ಕೇಳುವುದು ಹೇಗೆ?

ಆದ್ದರಿಂದ ನೀವು ಬೆಳಿಗ್ಗೆ ಬನ್ನಿ. ಪೇಲೆ ಮನೆಯಿಂದಲೇ ತನ್ನಿ, ಇಲ್ಲದಿದ್ದರೆ ನನ್ನ ಹತ್ತಿರ ಒಂದು ಹಿತ್ತಾಳೆಯದಿದೆ, ಅತ್ತೆ ಕೊಟ್ಟದ್ದು. ಬಿಡುವಿದ್ದ ದಿನ ನಾನು ಅಲ್ಲಿ ನಿಂತಿರುತ್ತೇನೆ. ಅದರಲ್ಲಿ ಹಾಲು ಕರೆಸುತ್ತೇನೆ, ಪಕ್ಕದಲ್ಲಿ ನಿಂತವರಿಗೆ ಕೊಡುತ್ತೇನೆ. ಕುಡಿದವರು ಬೆಚ್ಚಗಿದೆ ಎನ್ನುತ್ತಾರೆ, ತುಸು ಸಿಹಿ ಎನ್ನುತ್ತಾರೆ, ನೊರೆ ಮೂಗಿಗೆ ಹತ್ತುತ್ತದೆ ಎನ್ನುತ್ತಾರೆ. ಉಳಿದ ಜಾಗಗಳದ್ದೆಲ್ಲ ತಿಂದು ನೋಡಿ ಬರೆದಿದ್ದೇನೆ. ಇದೊಂದನ್ನು ಮಾತ್ರ ಈಗಲೂ ಕೇಳಿದ್ದನ್ನೇ ಬರೆಯುತ್ತಿದ್ದೇನೆ.