ಹಲವಾಗಲಿನ ಎಮ್ಮೆಯ ಹಾಲು

ಹರಪನಹಳ್ಳಿ ತಾಲ್ಲೂಕಿನಲ್ಲಿ ನಾನು ಪಶುವೈದ್ಯೆಯಾಗಿದ್ದಾಗಿನ ಮಾತು. ಅಲ್ಲಿನ ಹಲವಾಗಲು ಊರಿನ ಒಬ್ಬ ಹೆಂಗಸಿನ ಎಮ್ಮೆ ತಿಂಗಳು ತುಂಬುವ ಮೊದಲೇ ಸತ್ತ ಕರು ಹಾಕಿತ್ತು. ನೋಡಲು ಹೋದರೆ ಎಮ್ಮೆಗಿಂತ ಆಕೆಯೇ ಹೆಚ್ಚು ಬಳಲಿದಂತೆ ಕಂಡಳು. ಸಂಜೆಯಾದರೆ ಜ್ವರ, ಕೀಲೆಲ್ಲ ನೋವು, ಗುಳಿಗೆ ನುಂಗಿದರೂ ಮತ್ತೆ ಬರುತ್ತದೆ ಎಂದಳು. ಹಿಂದಿನ ಸೂಲಿನಲ್ಲೂ ಎಮ್ಮೆಗೆ ಹೀಗೇ ಆಗಿ, ಆಕೆ ಬರಿಗೈಯಲ್ಲೇ ಕರು ಎಳೆದಿದ್ದಳಂತೆ. ಹಾಲನ್ನು ಕಾಯಿಸದೆ ಕುಡಿಯುವ ರೂಢಿ ಬೇರೆ.

ಹಾಲನ್ನು ಪರೀಕ್ಷೆಗೆ ಕಳಿಸೋಣ ಎಂದಾಗ ಆಕೆಗೆ ಸಿಟ್ಟು ಬಂತು.

"ನಮ್ಮ ಎಮ್ಮಿ ಹಾಲಿನಾಗ ಏನು ಕೆಟ್ಟದ್ದು ಐತ್ರಿ? ಹನಿ ನೀರು ಬೆರಸಂಗಿಲ್ಲ ನಾನು."

"ಬೆರಸಿದ್ದಲ್ಲವ್ವ, ಕಣ್ಣಿಗೆ ಕಾಣದ ರೋಗಾಣು. ಎಮ್ಮಿಯಿಂದ ನಿಮಗೂ ಬಂದಿರಬಹುದು ನೋಡ್ರಿ."

ಆಕೆ ಎಮ್ಮೆಯ ಬೆನ್ನು ಸವರುತ್ತ ನಿಂತಳು. ನಾನು ಕೈಗವಸು ಹಾಕಿ, ಕೆಚ್ಚಲು ತೊಳೆದು ಒರೆಸಿ, ತೊಟ್ಟಿನ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಉಜ್ಜಿ, ಮೊದಲ ಧಾರೆಗಳನ್ನು ಬೇರೆ ಬಿಟ್ಟು, ಆಮೇಲಿನ ಹಾಲನ್ನು ಸೀಸೆಗೆ ಹಿಡಿದೆ. ಮುಚ್ಚಳ ಬಿಗಿದು ಐಸ್ ಡಬ್ಬಿಯಲ್ಲಿಟ್ಟೆ.

ವಾಪಸು ಬರುವಾಗ ದಾರಿಯಲ್ಲಿ ಸ್ಕೂಟರ್ ನಿಂತಿತು. ಹೇಗೋ ತಳ್ಳಿಕೊಂಡು ಒಂದು ಗ್ಯಾರೇಜು ಸೇರಿದೆ. ಮೆಕ್ಯಾನಿಕ್ ಸಾಬರು ಇಂಜಿನ್ ಬಿಚ್ಚಿ, "ತಡ ಆಗ್ತೈತ್ರಿ ಮೇಡಂ" ಎಂದರು. ಬಿಸಿಲು ಏರಿತ್ತು. ಡಬ್ಬಿಯೊಳಗೆ ಐಸ್ ನೀರಾಗುತ್ತಿತ್ತು. ಹಾಲು ಬೆಚ್ಚಗಾದರೆ ಹುಳಿ ಹಿಡಿದು ಪರೀಕ್ಷೆಯೇ ಕೆಡುತ್ತದೆ ಎಂದು ಹೇಳಿದೆ. ಅವರು ಹಿಂದಿನ ಮನೆಯತ್ತ ತಿರುಗಿ ಹೆಂಡತಿಯನ್ನು ಕೂಗಿದರು.

"ಕೊಡ್ರಿ, ನಮ್ಮ ಫ್ರಿಜ್ಜಿನಾಗ ಇಡ್ತೀನಿ" ಎಂದು ಆಕೆ ಕೈ ಚಾಚಿದರು.

"ಬ್ಯಾಡ್ರಿ, ರೋಗದ ಹಾಲು ಇರಬಹುದು. ಉಣ್ಣೋದರ ಪಕ್ಕ ಇಡಬಾರದು. ಐಸ್ ಇದ್ರೆ ಕೊಡ್ರಿ, ಸಾಕು."

ಆಕೆ ಹೆದರಿ ಹಿಂದೆ ಸರಿಯಲಿಲ್ಲ. ಫ್ರಿಜ್ಜಿನಲ್ಲಿ ಗಟ್ಟಿಯಾಗಿದ್ದ ನೀರಿನ ಬಾಟಲಿ, ಟ್ರೇ ತುಂಬ ಐಸ್ ತಂದರು. ಐಸ್ ತಗುಲಿ ಹಾಲೂ ಗಡ್ಡೆಯಾಗಬಾರದು, ಸೀಸೆಗೆ ಬಟ್ಟೆ ಸುತ್ತಬೇಕು ಎಂದಾಗ ಹಳೆಯ ದುಪಟ್ಟಾವನ್ನೇ ಹರಿದು ಕೊಟ್ಟರು. ಸಂಜೆಯೊಳಗೆ ಹಾಲು ಕೆಡದೆ ಪ್ರಯೋಗಾಲಯ ಸೇರಿತು.

ನನ್ನ ಅನುಮಾನ ನಿಜವಾಗಿತ್ತು. ಎಮ್ಮೆಗೆ ಬ್ರುಸೆಲ್ಲೋಸಿಸ್, ಅಕಾಲದಲ್ಲಿ ಕರು ಹಾಕಿಸುವ ಅಂಟುರೋಗ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಎಮ್ಮೆಯ ಒಡತಿಗೂ ಅದೇ ಇತ್ತು. ನಾನು ವರದಿ ತಿಳಿಸಲು ಹೋದ ದಿನ ಮೈಲಾರದ ಕಡೆಯ ದಲ್ಲಾಳಿಯೊಬ್ಬ ಎಮ್ಮೆ ಕೇಳಿಕೊಂಡು ಬಂದಿದ್ದ. ಆಕೆಯ ಗಂಡನಿಗೆ ಅದನ್ನು ಮಾರಿಬಿಡುವ ಮನಸ್ಸು. ವರದಿಯ ಮಾತು ಕೇಳಿ ಆಕೆ ಗೋಡೆ ಹಿಡಿದುಕೊಂಡು ಹೊರಗೆ ಬಂದಳು.

"ನನ್ನ ಕೀಲು ಹಿಡಿದ ಬ್ಯಾನಿ ಇನ್ನೊಬ್ಬಾಕಿ ಮನಿಗೆ ಹೊಡೆದು ಕಳಿಸ್ಲೇನು? ಮಾರಂಗಿಲ್ಲ."

ಗಂಡ ದಲ್ಲಾಳಿಯನ್ನು ವಾಪಸು ಕಳಿಸಿದ. ಎಮ್ಮೆಯನ್ನು ಹಿತ್ತಲಲ್ಲಿ ಬೇರೆ ಕಟ್ಟಿದರು. ಅದರ ಹಾಲನ್ನು ಮನೆಗೂ ಬಳಸಲಿಲ್ಲ, ಡೇರಿಗೂ ಹಾಕಲಿಲ್ಲ. ಆಕೆ ಗುಳಿಗೆಗಳನ್ನು ಬಿಡದೆ ನುಂಗಿದಳು. ಜ್ವರ ನಿಧಾನಕ್ಕೆ ಇಳಿಯಿತು.

ಚಳಿಗಾಲದಲ್ಲಿ ಮತ್ತೆ ಆ ಕಡೆ ಹೋದಾಗ ಆಕೆ ತಲೆಯ ಮೇಲೆ ಮೇವಿನ ಹೊರೆ ಹೊತ್ತು, ಯಾರ ಆಸರೆಯೂ ಇಲ್ಲದೆ ಹಿತ್ತಲಿಗೆ ನಡೆಯುತ್ತಿದ್ದಳು. ಮೇವು ಹಾಕುತ್ತ ಎಮ್ಮೆಯ ಜೊತೆ ಅದೇನೋ ಮಾತಿಗಿಳಿದಿದ್ದಳು. ನಾನು ಬಂದು ನಿಂತದ್ದು ಗೊತ್ತಾಗಲು ಸ್ವಲ್ಪ ಹೊತ್ತೇ ಹಿಡಿಯಿತು.