ರೇವತಿಯನ್ನು ಕರೆದದ್ದು ನಾನಲ್ಲ, ನಮ್ಮತ್ತೆ

ಗೆಳೆಯರೇ, ನನ್ನ ಗೆಳತಿ ರೇವತಿ ಬರುತ್ತಿದ್ದಾಳೆ! ನಾವಿಬ್ಬರೂ ಗುಂಡ್ಲುಪೇಟೆಯಲ್ಲಿ ಶುರು ಮಾಡಿದ ಚಿತ್ರಕಲೆಯ ಸ್ಟುಡಿಯೊಗೆ ಈ ವಾರ ಮೂರು ವರ್ಷ. ಆ ಖುಷಿಗೆ ನಾನು ದಿನಕ್ಕೊಂದು ಬ್ಲಾಗ್ ಬರೆಯುತ್ತಿರುವುದು ನಿಮಗೆಲ್ಲ ಗೊತ್ತು. ನನ್ನ ಮದುವೆಯಾದ ಮೇಲೆ "ಇನ್ನು ನಿನಗೆಲ್ಲಿ ಪುರುಸೊತ್ತು" ಎಂದು ಮುನಿಸಿಕೊಂಡು ಮೈಸೂರಿಗೆ ಹೋದ ರೇವತಿ ಮಾತ್ರ ಒಂದಕ್ಕೂ ಉತ್ತರಿಸಿರಲಿಲ್ಲ. ಅವಳಿಲ್ಲದೆ ಸ್ಟುಡಿಯೊ ಬರೀ ಒಂದು ಬಾಡಿಗೆ ಕೋಣೆ.

ಇವತ್ತು ಹಂಗಳದ ನಮ್ಮ ಮನೆಯ ಜಗುಲಿಯಲ್ಲಿ ಕೂತು, ಎದುರಿನ ಚೆಂಡುಹೂವಿನ ಹೊಲದ ಮೇಲೆ ಮಂಜು ಕರಗುವುದನ್ನೇ ನೋಡುತ್ತಾ, ಅವಳು ಕಲಸುತ್ತಿದ್ದ ಹಳದಿ ಬಣ್ಣದ ಬಗ್ಗೆ ಬರೆಯುತ್ತಿದ್ದೆ. ಕಣ್ಣು ತುಂಬಿ ಬಂತು.

ಅತ್ತೆ ನೋಡಿಬಿಟ್ಟರು. "ಯಾಕಮ್ಮಿ ಅಳ್ತಾ ಕೂತಿದ್ದೀಯೆ? ನನ್ ಮಗ ಏನಾರ ಅಂದ್ನಾ?"

ಬರೆದದ್ದನ್ನು ಓದಿ ಹೇಳಿದೆ.

"ಊರ್ಗೆಲ್ಲ ಹೇಳ್ಬುಟ್ಟಿದ್ದೀಯೆ. ಅವ್ಳನ್ನ ಬಾ ಅಂತ ಕರ್ದಿದ್ದೀಯಾ?"

"ದಿನಾ ಟ್ಯಾಗ್ ಮಾಡ್ತಿದ್ದೀನಲ್ಲ ಅತ್ತೆ!"

"ಅದೇನ್ ಟ್ಯಾಗೋ! ಬಾಯ್ತುಂಬ ಕರೀಬೇಕು ಕಣಮ್ಮಿ. ಕೊಡು ಇಲ್ಲಿ ಫೋನ."

ಅವರೇ ಮಾತಾಡಿದರು. "ರೇವತವ್ವ, ನಾನು ಕಣವ್ವ, ಇವ್ಳ ಅತ್ತೆ. ಬಂದ್ಬುಡವ್ವ, ನೀನಿಲ್ದೆ ಇವ್ಳ್ಗೆ ಯಾವ ಬಣ್ಣಾನೂ ಒಪ್ತಾ ಇಲ್ಲ."

ಆ ಕಡೆ ರೇವತಿ ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಇಷ್ಟು ದಿನ ಜಗತ್ತಿಗೆಲ್ಲ ಬರೆದ ನನಗೆ ಸಿಗದ ಉತ್ತರ ಅತ್ತೆಗೆ ಒಂದೇ ಫೋನಿನಲ್ಲಿ ಸಿಕ್ಕಿತು: ಶನಿವಾರ, ಮೈಸೂರಿನಿಂದ ಚಾಮರಾಜನಗರಕ್ಕೆ ಬರುವ ಬೆಳಗಿನ ಪ್ಯಾಸೆಂಜರ್ ರೈಲು, ಅಲ್ಲಿಂದ ನಮ್ಮೂರಿಗೆ ಬಸ್ಸು.