ರಾಚಪ್ಪ ಬಿಚ್ಚಿದ ಮುಡಿಪು

ಕೊರೊನಾ ಕಳೆದ ಮಾರನೇ ವರ್ಷ ನಾನು ಗುಂಡ್ಲುಪೇಟೆಯಲ್ಲಿ ಸರ್ಕಲ್ ಇನ್ಸ್‌ಪೆಕ್ಟರ್. ನಿವೃತ್ತಿ ಹತ್ತಿರವಿತ್ತು. ಈ ನೌಕರಿಯಲ್ಲಿ ನೋಡಬೇಕಾದ್ದನ್ನೆಲ್ಲ ನೋಡಿಯಾಗಿದೆ ಅಂದುಕೊಂಡಿದ್ದೆ. ಫೈನಾನ್ಸ್ ರಾಚಪ್ಪನನ್ನು ಕಂಡ ಮೇಲೆ ಆ ಜಂಬ ಇಳಿಯಿತು.

ರಾಚಪ್ಪ ಕುದೇರಿನ ಕಡೆಯವನು. ಓದು ಪ್ರೈಮರಿ ದಾಟಿರಲಿಲ್ಲ. ತೆರಕಣಾಂಬಿಯ ತರಕಾರಿ ಮಾರ್ಕೆಟ್‌ನಲ್ಲಿ ಮೂಟೆ ಹೊರುತ್ತಿದ್ದವನು ಒಂದು ವಿಷಯ ಗಮನಿಸಿದ. ಕೇರಳದ ವ್ಯಾಪಾರಿಗಳು ಮಾಲನ್ನು ಇವತ್ತು ಒಯ್ದು ದುಡ್ಡನ್ನು ಮುಂದಿನ ವಾರ ಕೊಡುತ್ತಿದ್ದರು, ರೈತನಿಗೆ ಬೇಕಾಗಿದ್ದದ್ದು ಇವತ್ತೇ. ಇವನು ಸ್ವಲ್ಪ ಕಮಿಷನ್ ಹಿಡಿದುಕೊಂಡು ರೈತನಿಗೆ ಸ್ಥಳದಲ್ಲೇ ಕಾಸು ಕೊಟ್ಟ, ವಾರ ಕಳೆದ ಮೇಲೆ ವ್ಯಾಪಾರಿಯಿಂದ ತಾನು ವಸೂಲಿ ಮಾಡಿಕೊಂಡ. ಅಷ್ಟೇ ವಿದ್ಯೆ! ಅಷ್ಟರಿಂದಲೇ ಊಟಿ ರಸ್ತೆಯಲ್ಲಿ ನಾಲ್ಕು ಅಂತಸ್ತಿನ ಕಾಂಪ್ಲೆಕ್ಸ್ ಎದ್ದು ನಿಂತಿತು. ಎಂಬಿಎ ಓದಿದ ನನ್ನ ಅಳಿಯನಿಗೆ ಇದನ್ನು ಹೇಳಿದಾಗ ಅವನು ಬಾಯಿ ಬಿಟ್ಟುಕೊಂಡು ಕೂತ.

ಆಮೇಲೆ ಜನರಿಂದ ಠೇವಣಿ ಹಿಡಿಯತೊಡಗಿದ. ಲೈಸೆನ್ಸ್ ಇಲ್ಲ, ಸರಿಯಾದ ರಸೀದಿಯೂ ಇಲ್ಲ. ದುಡ್ಡು ತಂದವರ ಎದುರಿಗೇ ಬೆಟ್ಟದ ದೇವರು ಮಾದಪ್ಪನ ಫೋಟೊ ಮುಂದೆ ಒಂದು ರೂಪಾಯಿ ನಾಣ್ಯವನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ಮುಡಿಪು ಇಡುತ್ತಿದ್ದ. ಹರಕೆ ಹೊತ್ತವರು ನಮ್ಮ ಕಡೆ ಮನೆಮನೆಯಲ್ಲಿ ಕಟ್ಟುವಂಥದೇ. ಆದರೆ ಈ ಆಸಾಮಿ ಅದಕ್ಕೊಂದು ಶರತ್ತು ಸೇರಿಸಿದ್ದ: "ಈ ಗಂಟ್ನ ನಾನೇ ಬಿಚ್ಚೋಗಂಟ ನೀವು ಕೋರ್ಟು, ಟೇಸನ್ನು ಅನ್ನಬ್ಯಾಡಿ."

ಬಂದ ದುಡ್ಡನ್ನೆಲ್ಲ ಲೇಔಟ್ ಮಾಡುತ್ತೇನೆಂದು ಜಮೀನಿಗೆ ಸುರಿದ. ಅನುಮತಿ ಸಿಗಲಿಲ್ಲ, ಬಡ್ಡಿ ನಿಂತುಹೋಯಿತು. ಕಾಂಪ್ಲೆಕ್ಸ್ ಇದ್ದದ್ದು ಬಾಮೈದನ ಹೆಸರಿನಲ್ಲಿ. ಆ ಪುಣ್ಯಾತ್ಮ ಅದನ್ನು ಮಾರಿ ಜಾಗ ಖಾಲಿ ಮಾಡಲು ಹೊರಟಿದ್ದ, ಸೋಮವಾರವೇ ರಿಜಿಸ್ಟ್ರೇಷನ್. ತಡೆಯಲು ಅಟ್ಯಾಚ್‌ಮೆಂಟ್ ಆಗಬೇಕು, ಅಂದರೆ ಆಸ್ತಿ ಕೈಬದಲಾಗದಂತೆ ಸರ್ಕಾರ ಹಿಡಿದಿಟ್ಟುಕೊಳ್ಳಬೇಕು. ಅದಕ್ಕೆ ದುಡ್ಡು ಕೊಟ್ಟವರ ದೂರು ಬೇಕು. ಒಬ್ಬ ನರಪಿಳ್ಳೆಯೂ ಬರಲಿಲ್ಲ.

ಶನಿವಾರ ಭೀಮನಬೀಡಿನ ಸಿದ್ದಮ್ಮನನ್ನು ಕರೆಸಿದೆ. ಕೂಲಿ ಮಾಡುವ ಹೆಂಗಸು, ಗಂಡನಿಲ್ಲ. ಮಗಳ ನರ್ಸಿಂಗ್ ಓದಿಗೆಂದು ಕೂಡಿಟ್ಟಿದ್ದನ್ನೆಲ್ಲ ರಾಚಪ್ಪನ ಕೈಗೆ ಹಾಕಿದ್ದಳು. ಸ್ಟೇಷನ್ ಒಳಕ್ಕೇ ಬರಲಿಲ್ಲ, ಹೊರಗೆ ಹೊಂಗೆ ಮರದ ಬುಡದಲ್ಲಿ ಕೂತಳು.

"ದುಡ್ಡು ಹೋದರೆ ಮಗಳ ಗತಿ ಏನಮ್ಮ? ನಿಂಗೇನು ತಲೆ ಕೆಟ್ಟಿದೆಯಾ?" ಎಂದು ರೇಗಿದೆ. ನನ್ನದು ಮೊದಲೇ ಸಿಡುಕು ಸ್ವಭಾವ.

"ನೀವು ಎಷ್ಟ್ ಬೈದ್ರೂ ಅಷ್ಟೇ ಸಾ. ಮಾದಪ್ಪನ ಮುಂದ್ಗಡೆ ಕಟ್ಟವ್ನ, ನಾನೂ ತಲೆ ಆಡ್ಸಿವ್ನಿ. ಈಗ ನಾನ್ಯಾಕೆ ಮಾತ್ ತಪ್ಲಿ?"

ಒಳಗೆ ಬಂದೆ. ವಿಚಾರಣೆಗೆ ಕರೆತಂದಿದ್ದ ರಾಚಪ್ಪ ಬೆಂಚಿನ ಮೇಲಿದ್ದ. "ನೀನು ಕಟ್ಟಿದ್ದನ್ನು ನೀನೇ ಬಿಚ್ಚಬೇಕಂತೆ ಕಣಯ್ಯ. ಬಿಚ್ಚಿದರೆ ನಿನಗೆ ಜೈಲು. ಬಿಚ್ಚದಿದ್ದರೆ ಸೋಮವಾರ ನಿನ್ನ ಬಾಮೈದ ಆ ಸಿದ್ದಮ್ಮನ ಮಗಳ ಓದನ್ನೂ ಮಾರಿಕೊಂಡು ಹೋಗುತ್ತಾನೆ," ಎಂದೆ.

ಕಿಟಕಿಯಾಚೆ ಕೂತಿದ್ದ ಸಿದ್ದಮ್ಮನನ್ನು ನೋಡಿದ. ಆಮೇಲೆ ಎದ್ದ. "ಮುಡುಪೆಲ್ಲ ತರ್ಸಿ ಸಾ."

ಆಫೀಸಿನಲ್ಲಿ ಮಾದಪ್ಪನ ಫೋಟೊ ಹಿಂದೆ ನೇತುಹಾಕಿದ್ದ ಅರಿಶಿನ ಗಂಟುಗಳನ್ನು ಕಾನ್‌ಸ್ಟೇಬಲ್ ಹೊತ್ತು ತಂದ, ಫೋಟೊ ಸಮೇತ. ಎಲ್ಲ ಒಂದೇ ಥರ. ರಾಚಪ್ಪ ಚಪ್ಪಲಿ ಬಿಟ್ಟು ಹೊಂಗೆ ಮರದಡಿ ಕೂತು ಒಂದನ್ನು ಎತ್ತಿಕೊಂಡ. "ಇದು ನಿಂದು ಕಣವ್ವ. ಬಿಚ್ಬುಟ್ಟೆ. ಓಗು, ಬರ್ಸು."

ಅವಳು ಬರೆಸಿದಳು. ಸುದ್ದಿ ಹರಡಿತು. ಭಾನುವಾರ ತೆರಕಣಾಂಬಿಯಿಂದ, ಭೀಮನಬೀಡಿನಿಂದ ಜನ ಬಸ್ಸಿಳಿದು ಬಂದರು. ಗಲಾಟೆಯಾದೀತೆಂದು ನಾನು ಬಂದೋಬಸ್ತ್ ಹಾಕಿದ್ದೆ. ಒಂದು ಕಲ್ಲೂ ಬೀಳಲಿಲ್ಲ, ಸಾಲಾಗಿ ನಿಂತರು. ಅವನು ಒಬ್ಬೊಬ್ಬರ ಹೆಸರು ಹಿಡಿದು ಕರೆದು ಬಿಚ್ಚುತ್ತಾ ಹೋದ. ಒಂದೊಂದು ಗಂಟಿಗೂ ತನ್ನ ಮೇಲೆ ಒಂದೊಂದು ದೂರು ಏರುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮೋಸಗಾರನೇ, ಅದರಲ್ಲಿ ಅನುಮಾನವಿಲ್ಲ. ಆದರೆ ಅಂಥ ಧೈರ್ಯವನ್ನು ನಾನು ಯೂನಿಫಾರ್ಮ್ ಹಾಕಿದವರಲ್ಲೂ ಕಂಡಿಲ್ಲ.

ದೂರುಗಳನ್ನು ಹೊತ್ತು ಅಟ್ಯಾಚ್‌ಮೆಂಟ್ ಆದೇಶಕ್ಕಾಗಿ ನಾನೇ ಚಾಮರಾಜನಗರಕ್ಕೆ ಓಡಿದೆ. ಸೋಮವಾರ ರಿಜಿಸ್ಟ್ರೇಷನ್ ನಿಂತಿತು. ಮುಂದೆ ಕಾಂಪ್ಲೆಕ್ಸ್ ಹರಾಜಾಗಿ ಎಲ್ಲರಿಗೂ ಪೂರ್ತಿಯಲ್ಲದಿದ್ದರೂ ಪಾಲು ಬಂತು. ಸಿದ್ದಮ್ಮನ ಮಗಳು ಈಗ ನರ್ಸು. ರಾಚಪ್ಪನಿಗೆ ಶಿಕ್ಷೆಯಾಯಿತು.

ಜನ ದೂರು ಕೊಡದಿದ್ದರೆ ಹೆದರಿದ್ದಾರೆ, ಇಲ್ಲ ದಡ್ಡರು ಎಂದೇ ನಾವು ಪೊಲೀಸರು ತೀರ್ಮಾನಿಸುತ್ತೇವೆ. ಯಾವ ಮಾತಿಗೆ ಕಟ್ಟುಬಿದ್ದಿದ್ದಾರೆ ಎಂದು ಮೊದಲು ಕೇಳಬೇಕು. ಅಷ್ಟು ವರ್ಷದ ನೌಕರಿ ನನಗೆ ಅದನ್ನು ಕಲಿಸಿದ್ದು ಕೊನೆಗಾಲದಲ್ಲಿ.

ಆ ಭಾನುವಾರ ಗಂಟುಗಳೆಲ್ಲ ಬಿಚ್ಚಿಯಾದ ಮೇಲೆ ಅವನನ್ನು ಜೀಪು ಹತ್ತಿಸುವಾಗ ಸಿದ್ದಮ್ಮ ಅಡ್ಡ ಬಂದಳು. ಬೈಯುತ್ತಾಳೆ, ಬೈಯಲಿ ಬಿಡು ಎಂದು ಸುಮ್ಮನಿದ್ದೆ. ಅವಳು ತನ್ನ ಮುಡಿಪಿನ ನಾಣ್ಯವನ್ನು ಅವನಿಗೆ ತೋರಿಸಿ, ಅವನ ಕಣ್ಣೆದುರಿಗೇ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಇದು ಮಾದಪ್ಪಂದು ಕಣಣ್ಣ. ಬುಡುಗಡೆ ಆದ್ಮೇಲೆ ನೀನೇ ಬೆಟ್ಟಕ್ಕೆ ಓಗಿ ಉಂಡೀಗ್ ಆಕು. ಅಲ್ಲೀಗಂಟ ನಾನ್ ಮಡಗಿರ್ತೀನಿ."

ಎರಡು ದಿನದಿಂದ ಒಂದು ಹನಿ ಕಣ್ಣೀರೂ ಹಾಕದಿದ್ದ ರಾಚಪ್ಪ ಜೀಪಿನ ಬಾಗಿಲು ಹಿಡಿದುಕೊಂಡು ಅತ್ತುಬಿಟ್ಟ.